ಊದಿಕೊಟ್ಟವರಿಗೂ ಕೀ ಕೊಟ್ಟವರಿಗೂ ಶಿಕ್ಷೆ ಇರಲಿ: ಚಿಕ್ಕಬಳ್ಳಾಪುರದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದ ಡಾ. ಕೆ. ಸುಧಾಕರ್ ಅವರಿಗೆ ನಮಸ್ಕಾರಗಳು.

ಕುಡಿದು ಗಾಡಿ ಓಡಿಸುವವರ ಬಗ್ಗೆ, ಅವರಿಗೆ ನೆರವಾಗುವವರ ಬಗ್ಗೆ ಈ ಪತ್ರ. ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೋದ ವರ್ಷ ಗುಡಿಬಂಡೆ ಕಡೆ ಬೀಗರೂಟ ಮುಗಿಸಿ ರಾತ್ರಿ ವಾಪಸ್ ಬರುತ್ತಿದ್ದೆವು. ಕಾರು ಓಡಿಸುತ್ತಿದ್ದವರು ನಮ್ಮ ಭಾವ. ಚೆನ್ನಾಗಿಯೇ ಹಾಕಿದ್ದರು. ಪೆರೇಸಂದ್ರ ದಾಟಿ ಸ್ವಲ್ಪ ದೂರ ಬಂದಾಗ ಹೈವೇಯಲ್ಲಿ ಬ್ಯಾರಿಕೇಡಿನ ಕೆಂಪು ದೀಪ ಕಂಡಿತು. ಗಾಡಿ ಪಕ್ಕಕ್ಕೆ ಹಾಕಿ, 'ನೀನು ಕುಡಿಯಲ್ಲ ತಾನೆ, ಬಾ ಈ ಕಡೆ' ಅಂದರು. ತಾವು ಹಿಂದಿನ ಸೀಟಿಗೆ ಹೋಗಿ ಅಕ್ಕನ ಶಾಲು ಹೊದ್ದು ನಿದ್ದೆ ಬಂದವರಂತೆ ಒರಗಿದರು. ಪೊಲೀಸರು 'ಊದಿ ಸಾರ್' ಅಂದರು, ಊದಿದೆ, ಸೊನ್ನೆ ಬಂತು. ಅರ್ಧ ಕಿಲೋಮೀಟರ್ ಆಚೆ ಮತ್ತೆ ಸೀಟು ಬದಲಾಯಿತು. ನಾನು ಬೇಡ ಅನ್ನಲಿಲ್ಲ. ದೊಡ್ಡವರು, ಮೇಲಾಗಿ ಭಾವ.

ಆಗ ಅವರ ಲೈಸೆನ್ಸ್ ಮೂರು ತಿಂಗಳ ಅಮಾನತಿನಲ್ಲಿತ್ತು. ಕುಡಿದು ಓಡಿಸಿ ಸಿಕ್ಕಿಬಿದ್ದು ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿ ಬಂದಿದ್ದರು. ಲೈಸೆನ್ಸ್ ಆರ್‌ಟಿಒದಲ್ಲಿತ್ತು, ಭಾವ ಮಾತ್ರ ದಿನಾ ಅಕ್ಕನ ಸ್ಕೂಟರಿನಲ್ಲಿ ಡೇರಿಗೆ ಹಾಲು ಹಾಕಿ ಬರುತ್ತಿದ್ದರು.

ಕಾನೂನು ಇಲ್ಲವೆಂದಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲ ಆರು ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ ಎರಡು ವರ್ಷ, 15,000. ಇದು 2019ರ ತಿದ್ದುಪಡಿಯಲ್ಲಿ ಏರಿಸಿದ ದಂಡ. ಆದರೆ ದಂಡ ಕಟ್ಟಿದವನ ಕೈಯಿಂದ ಕೀ ಕಿತ್ತುಕೊಳ್ಳುವವರು ಯಾರು?

ಅಮೆರಿಕದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದಾರೆ, ಇಗ್ನಿಷನ್ ಇಂಟರ್‌ಲಾಕ್ ಅಂತ. ಸಿಕ್ಕಿಬಿದ್ದವನ ಕಾರಿಗೇ ಊದುವ ಯಂತ್ರ ಕೂರಿಸುತ್ತಾರೆ. ಊದದಿದ್ದರೆ ಗಾಡಿ ಸ್ಟಾರ್ಟ್ ಆಗದು. ದಾರಿ ಮಧ್ಯೆ ಮತ್ತೆ ಊದು ಅನ್ನುತ್ತದೆ, ಎಲ್ಲವನ್ನೂ ದಾಖಲಿಸಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ 1986ರಲ್ಲೇ ಇದಕ್ಕೆ ಕಾನೂನು ತಂದಿತು. ಅಲ್ಲಿನವರೇನು ಸತ್ಯಹರಿಶ್ಚಂದ್ರರಲ್ಲ, ಪಕ್ಕದಲ್ಲಿದ್ದವರ ಕೈಲಿ ಊದಿಸುತ್ತಾರೆ, ಇನ್ನೊಬ್ಬರ ಕಾರು ಹತ್ತುತ್ತಾರೆ. ಅದಕ್ಕೇ ಆ ರಾಜ್ಯದ ಕಾನೂನು ಯಂತ್ರ ಕೆಡಿಸುವುದನ್ನಷ್ಟೇ ಅಲ್ಲ, ಕುಡಿದವನ ಗಾಡಿ ಸ್ಟಾರ್ಟ್ ಮಾಡಿಕೊಡಲು ಊದುವುದನ್ನೂ, ಗೊತ್ತಿದ್ದೂ ಯಂತ್ರವಿಲ್ಲದ ಗಾಡಿ ಅವನಿಗೆ ಕೊಡುವುದನ್ನೂ ಅಪರಾಧ ಎನ್ನುತ್ತದೆ. ಶಿಕ್ಷೆ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ, ಅಥವಾ ಎರಡೂ.

ಅದನ್ನು ಓದಿದಾಗ ನನಗೆ ಆ ರಾತ್ರಿ ನೆನಪಾಯಿತು. ಅಲ್ಲಾಗಿದ್ದರೆ ನಾನೂ ಒಳಗಿರುತ್ತಿದ್ದೆನೇನೋ.

ನಮ್ಮಲ್ಲೂ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕರಿಗೆ 180ನೇ ಸೆಕ್ಷನ್‌ನಲ್ಲಿ 5,000 ದಂಡವಿದೆ, ಅನರ್ಹನಾದ ಮೇಲೂ ಓಡಿಸಿದವನಿಗೆ 182ರಲ್ಲಿ 10,000. ನಮ್ಮೂರಲ್ಲಿ ಆ ಸೆಕ್ಷನ್‌ಗಳ ಹೆಸರು ಕೇಳಿದವರನ್ನು ನಾನು ಕಂಡಿಲ್ಲ.

ನೀವು ವೈದ್ಯರು, ರಾಜ್ಯದ ಆರೋಗ್ಯ ಸಚಿವರಾಗಿದ್ದವರು. ನಿಮ್ಮ ಕ್ಷೇತ್ರ ಬಾಗೇಪಲ್ಲಿಯಿಂದ ನೆಲಮಂಗಲ, ಹೊಸಕೋಟೆವರೆಗೆ ಹರಡಿದೆ. ಹೈದರಾಬಾದ್ ಹೈವೇ, ತುಮಕೂರು ಹೈವೇ, ಕೋಲಾರದ ಹೈವೇ ಮೂರೂ ಅದರೊಳಗೇ ಹಾದುಹೋಗುತ್ತವೆ. ಕಾಯ್ದೆ ಕೇಂದ್ರದ್ದು, ಹಾಗಾಗಿ ಶಾಸಕರನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ. ಎರಡನೇ ಸಲ ಸಿಕ್ಕಿಬಿದ್ದವರ ಕಾರಿಗೆ ಇಂಟರ್‌ಲಾಕ್ ಕಡ್ಡಾಯ ಮಾಡಿ ಎಂದು ಒಂದು ಖಾಸಗಿ ಮಸೂದೆಯನ್ನಾದರೂ ತನ್ನಿ. ಯಂತ್ರದ ಜೊತೆಗೇ ಅದನ್ನು ತಪ್ಪಿಸಿದರೆ ಏನಾಗುತ್ತದೆ ಎಂಬುದನ್ನೂ ಬರೆಸಿ. ಇಲ್ಲದಿದ್ದರೆ ನಮ್ಮ ಗ್ಯಾರೇಜಿನ ಹುಡುಗರಿಗೆ ಅದರ ವೈರ್ ತಪ್ಪಿಸುವುದು ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಬೈಕುಗಳಿಗೆ ಈ ಯಂತ್ರ ಹೊಂದುವುದು ಕಷ್ಟ ಅಂತ ಗೊತ್ತು. ಅಲ್ಲಿ ಕೀ ಕೊಟ್ಟವರನ್ನು ಕೇಳುವುದೊಂದೇ ದಾರಿ.

ಹೆದರಿ ಕೀ ಕೊಡುವ ಹೆಂಗಸರನ್ನು ಜೈಲಿಗೆ ಹಾಕಿ ಅಂತಲ್ಲ, ಅವರಿಗೆ ವಿನಾಯಿತಿ ಇರಲೇಬೇಕು. ಆದರೆ ಈಗಿರುವ ಸೆಕ್ಷನ್ ಗೊತ್ತೇ ಇಲ್ಲದ ಅಕ್ಕನಿಗೆ ಇವತ್ತು ಬೇಡ ಅನ್ನಲು ಒಂದು ನೆಪವೂ ಇಲ್ಲ. ಸ್ಕೂಟರ್ ಅವಳ ಹೆಸರಲ್ಲೇ ಇದೆ. 'ರೀ, ನಿಮಗೆ ಕೊಟ್ಟರೆ ನನ್ನ ಮೇಲೂ ಕೇಸಾಗುತ್ತಂತೆ' ಅನ್ನುವ ಒಂದು ಮಾತು ಸಿಕ್ಕರೂ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗುತ್ತಾಳೆ.

ಇಂತಿ ನಿಮ್ಮ ಮತದಾರ,
ಚಿಕ್ಕಬಳ್ಳಾಪುರ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ