ವಿಲೇಜರ್ ದರ್ಜೆಯ ಖುಕುರಿ: ಒರಟು ಮೈ ಒಪ್ಪಿದ್ದೇನೆ, ಮೆತ್ತನೆಯ ಬಾಯಿ ಒಪ್ಪಲಾರೆ

ಇಂದ,
ಒಬ್ಬ ಗ್ರಾಹಕ (ಬಿಲ್ ಮತ್ತು ಫೋಟೋಗಳನ್ನು ಲಗತ್ತಿಸಿದೆ)
ಶಿರಸಿ ತಾಲ್ಲೂಕು, ಉತ್ತರ ಕನ್ನಡ

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಖುಕುರಿಯ ಬಾಯಿಯ ಹದದ (ಗಡುಸುತನದ) ದೋಷವನ್ನು ಫಿನಿಶ್ ದರ್ಜೆಯ (ಮೈ ನಯಗೊಳಿಸಿದ ಮಟ್ಟದ) ಮೇಲೆ ಹಾಕಿ ಬದಲಿ ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

ನೇಪಾಳದಲ್ಲಿ ಕೈಯಿಂದ ಬಡಿದು ಮಾಡಿದ ಖುಕುರಿಯೊಂದನ್ನು (ಮುಂದಕ್ಕೆ ಬಾಗಿದ ಅಲಗಿನ ಗೂರ್ಖಾ ಕತ್ತಿ) ಕಳೆದ ತಿಂಗಳು ನಿಮ್ಮಿಂದ ತರಿಸಿಕೊಂಡೆ. ಹತ್ತು ಇಂಚಿನ ಅಲಗು, ಮರದ ಹಿಡಿ, ಎಮ್ಮೆ ಚರ್ಮ ಹೊದಿಸಿದ ಮರದ ಒರೆ, ಬೆಲೆ 3,800 ರೂಪಾಯಿ. ಅದೇ ಕತ್ತಿ ಕನ್ನಡಿ ಪಾಲಿಶ್ ದರ್ಜೆಯಲ್ಲಿ 5,400 ರೂಪಾಯಿಗೆ ಇತ್ತು. ಬೆಟ್ಟದಲ್ಲಿ ಸೊಪ್ಪು ಕಡಿಯುವ ಕತ್ತಿಯಲ್ಲಿ ನನ್ನ ಮುಖ ಕಾಣಬೇಕಾಗಿಲ್ಲ. ತಿಳಿದೇ ವಿಲೇಜರ್ ದರ್ಜೆಯದನ್ನು, ಅಂದರೆ ಪಾಲಿಶ್ ಮಾಡದೆ ಮೈ ಒರಟಾಗಿ ಬಿಟ್ಟದ್ದನ್ನು, ಆರಿಸಿದೆ.

ಕತ್ತಿ ಕೈಗೆ ಬಂದಾಗ ಮೈಮೇಲೆ ಸಾಣೆಚಕ್ರದ ಗೀರುಗಳಿದ್ದವು, ಬೆನ್ನಿನ ಬಳಿ ಕುಲುಮೆಯ ಕಪ್ಪು ಹಾಗೇ ಉಳಿದಿತ್ತು, ಹಿಡಿಯ ಎರಡು ಮಗ್ಗುಲು ತುಸು ಹೆಚ್ಚುಕಡಿಮೆ ಇದ್ದವು. ಇವು ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. 1,600 ರೂಪಾಯಿ ಕಡಿಮೆ ಕೊಟ್ಟವನು ಒಪ್ಪಿಕೊಳ್ಳಬೇಕಾದದ್ದು ಇಷ್ಟನ್ನೇ.

ತಕರಾರು ಬಾಯಿಯದು. ಮೊದಲ ದಿನ ಮತ್ತಿಯ ಹಸಿ ಕೊಂಬೆ ಹತ್ತಿಪ್ಪತ್ತು ಕಡಿಯುವಷ್ಟರಲ್ಲಿ ಕತ್ತಿ ಜಾರತೊಡಗಿತು. ಬಾಯಿ ಮೇಲಾಗಿ ಬಿಸಿಲಿಗೆ ಹಿಡಿದೆ. ಹರಿತವಾದ ಬಾಯಿ ಬೆಳಕಿಗೆ ಕಾಣುವುದಿಲ್ಲ. ಇಲ್ಲಿ ಅಲಗಿನ ಹೊಟ್ಟೆಯಲ್ಲಿ, ಅಂದರೆ ಬಾಗಿ ಅಗಲವಾದ ಭಾಗದಲ್ಲಿ, ಒಂದೂವರೆ ಇಂಚು ಉದ್ದಕ್ಕೆ ಬಿಳಿ ಗೆರೆ ಮಿನುಗುತ್ತಿತ್ತು. ಉಗುರು ಆಡಿಸಿದರೆ ಒಂದು ಕಡೆಗೆ ಮಡಚಿದ ಅಂಚು ತಡೆಯುತ್ತಿತ್ತು. ಮಸೆದು ನೇರ ಮಾಡಿದೆ. ಮರುದಿನ ಅದೇ ಜಾಗ ಮತ್ತೆ ಮಡಚಿತು.

ನಮ್ಮೂರ ಆಚಾರಿಯ ಕುಲುಮೆಗೆ ಒಯ್ದೆ. ಅವರು ಮಾತಾಡದೆ ಅರ ತೆಗೆದುಕೊಂಡು ಬಾಯಿಯ ಉದ್ದಕ್ಕೂ ಮೆಲ್ಲಗೆ ಆಡಿಸುತ್ತ ಬಂದರು. ಹಿಡಿಯ ಹತ್ತಿರ ಸ್ವಲ್ಪ ಹಿಡಿಯಿತು, ಮುಂದೆ ಗಾಜಿನ ಮೇಲೆ ಜಾರಿದಂತೆ ಜಾರಿತು, ಹೊಟ್ಟೆಯ ಆ ಒಂದೂವರೆ ಇಂಚಿನಲ್ಲಿ ಬೆನ್ನನ್ನು ಕಚ್ಚುವ ಹಾಗೇ ಕಚ್ಚಿ ಪುಡಿ ಉದುರಿಸಿತು. ಹದ ಕೂತ ಕಬ್ಬಿಣವನ್ನು ಅರ ಹಾಗೆ ಕಚ್ಚುವುದಿಲ್ಲ.

ಖುಕುರಿಯ ತುದಿ, ಹಿಡಿಯ ಬಳಿಯ ಕಚ್ಚು (ಸಣ್ಣ ಕೊರೆತ) ಇರುವ ಭಾಗ ತುಸು ಮೆತ್ತಗಿರುವುದು ಅದರ ರೀತಿ ಎಂದು ನನಗೂ ಗೊತ್ತಿದೆ. ಅಲ್ಲಿ ಅರ ಕಚ್ಚಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಏಟು ಬೀಳುವುದು ಹೊಟ್ಟೆಯ ಮೇಲೆ. ಉಳಿದೆಲ್ಲ ಕಡೆಗಿಂತ ಹೆಚ್ಚು ಗಡುಸಾಗಿರಬೇಕಾದ ಜಾಗವೇ ಅದು.

ಫೋಟೋ ಸಹಿತ ದೂರಿದಾಗ ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರ ನನಗೆ ಹೆಚ್ಚು ನೋವು ತಂದಿತು. ವಿಲೇಜರ್ ದರ್ಜೆಯಲ್ಲಿ ಇಂಥ ಲೋಪಗಳು ಸಹಜ, ಒಳ್ಳೆಯ ಅಲಗು ಬೇಕಿದ್ದರೆ ಪಾಲಿಶ್ ದರ್ಜೆಯದನ್ನು ಕೊಳ್ಳಿ ಎಂದರು. ಈ ಮಾತು ಪೂರ್ತಿ ತಪ್ಪು. ಮಾರುವವರೇ ಹೀಗೆ ಹೇಳಿದರೆ ಕೊಳ್ಳುವವರು ಅದನ್ನೇ ನಂಬುತ್ತಾರೆ.

ನೇಪಾಳದ ಕಾಮಿಗಳು, ಅಂದರೆ ಅಲ್ಲಿಯ ಕಮ್ಮಾರರು, ಸಾಮಾನ್ಯವಾಗಿ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಅಲಗು ಮಾಡುತ್ತಾರೆ. ಕೆಂಪಗೆ ಕಾಯಿಸಿ, ಕೆಟಲ್ಲಿನಿಂದ ಬಾಯಿಯ ಉದ್ದಕ್ಕೂ ನೀರು ಸುರಿಯುತ್ತಾರೆ. ನೀರು ಬಿದ್ದ ಬಾಯಿ ಗಡುಸಾಗುತ್ತದೆ, ಬೆನ್ನು ಮೆತ್ತಗುಳಿದು ಪೆಟ್ಟು ತಾಳುತ್ತದೆ. ಪಾಲಿಶ್ ನಡೆಯುವುದು ಇದಾದ ಮೇಲೆ. ಗೀರು ಎಷ್ಟು ನುಣ್ಣಗಾಗುವವರೆಗೆ ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಷ್ಟೇ ಫಿನಿಶ್ ದರ್ಜೆ. ಹೊಳಪಿನ ಮೈಗೆ ತುಕ್ಕು ಹತ್ತುವುದು ನಿಧಾನ. ನಮ್ಮ ಮಳೆಗಾಲದಲ್ಲಿ ಅದು ಸಣ್ಣ ಲಾಭವಲ್ಲ. ಆದರೆ ನೀರು ಸರಿಯಾಗಿ ಬೀಳದ ಬಾಯಿಯನ್ನು ಎಷ್ಟು ಉಜ್ಜಿದರೂ ಅದು ಗಡುಸಾಗದು. ಅತಿಯಾಗಿ ಉಜ್ಜುವಾಗ ತೆಳು ಬಾಯಿ ಚಕ್ರದ ಮೇಲೆ ಕಾದು ನೀಲಿಗಟ್ಟಿದರೆ ಇದ್ದ ಹದವೂ ಕೆಡುತ್ತದೆ.

ಸೇನೆಯಲ್ಲಿ ಗೂರ್ಖಾ ಪಲ್ಟಣದವರ ಜೊತೆಗಿದ್ದ ನಮ್ಮ ಸೋದರಮಾವ ನಿವೃತ್ತರಾಗಿ ಬರುವಾಗ ತಂದ ಖುಕುರಿ ಮೂವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿದೆ. ಮೈಯೆಲ್ಲ ಕಪ್ಪು, ಅರದ ಗುರುತುಗಳನ್ನು ಇವತ್ತಿಗೂ ಎಣಿಸಬಹುದು. ಹಿಡಿಯ ಅರಗು ಒಮ್ಮೆ ಸಡಿಲವಾಗಿ ಮತ್ತೆ ತುಂಬಿಸಿದ್ದೇವೆ. ಅದರ ಬಾಯಿ ಮಾತ್ರ ಒಂದು ದಿನವೂ ಮಡಚಿಲ್ಲ. ಹಳ್ಳಿಯ ಕೆಲಸಕ್ಕೆಂದು ಮಾಡಿದ ಕತ್ತಿ ಎಂದರೆ ಅದು. ಆ ಹೆಸರನ್ನು ಕೆಟ್ಟ ಮಾಲಿಗೆ ಹೊದಿಕೆ ಮಾಡುವುದು ಕುಲುಮೆಯ ಮುಂದೆ ಬೆವರು ಸುರಿಸಿದವರಿಗೆ ಮಾಡುವ ಅವಮಾನ. ಒಂದು ಅಲಗಿನ ಮೇಲೆ ನೀರು ತಪ್ಪಿ ಬೀಳಬಹುದು, ಕೈಕೆಲಸದಲ್ಲಿ ಅದು ಇದ್ದದ್ದೇ. ಅಂಥದ್ದನ್ನು ಪರೀಕ್ಷಿಸಿ ಬೇರೆ ತೆಗೆದಿಡುವುದು ಮಾರುವವರ ಹೊಣೆ.

ಆದ್ದರಿಂದ ಹದ ಪರೀಕ್ಷಿಸಿದ ಅದೇ ದರ್ಜೆಯ ಬೇರೆ ಖುಕುರಿ ಕಳುಹಿಸಿ, ಇಲ್ಲವೇ ಪೂರ್ತಿ ಹಣ ಹಿಂದಿರುಗಿಸಿ. ಎರಡರಲ್ಲಿ ಯಾವುದಾದರೂ ಸಾಗಣೆ ಖರ್ಚು ನಿಮ್ಮದಾಗಿರಲಿ. ಪಾಲಿಶ್ ದರ್ಜೆಯದನ್ನು ಕೊಡುತ್ತೇವೆ, ಉಳಿದ ಹಣ ಕಟ್ಟಿ ಎನ್ನಬೇಡಿ. ಜೊತೆಗೆ ನಿಮ್ಮ ಮಾರಾಟದ ಪುಟದಲ್ಲಿ ಯಾವ ದರ್ಜೆಯಲ್ಲಿ ಯಾವ ಕೆಲಸ ಬಿಟ್ಟಿರುತ್ತದೆ ಎಂದು ಬಿಡಿಸಿ ಬರೆಯಿರಿ: ಗೀರು ಎಷ್ಟು, ಹಿಡಿ ಎಷ್ಟು ನಯ, ಕುಲುಮೆಯ ಕಪ್ಪು ಉಳಿದಿರುತ್ತದೆಯೇ. ಬಾಯಿಯ ಹದ ಎಲ್ಲ ದರ್ಜೆಗೂ ಒಂದೇ ಎಂಬ ಸಾಲನ್ನು ಸೇರಿಸಿ. ಹಾಗೆ ಬರೆಯಲು ಧೈರ್ಯವಿಲ್ಲದಿದ್ದರೆ ಅದನ್ನು ಕೆಲಸದ ಕತ್ತಿ ಎಂದು ಮಾರಬೇಡಿ.

ಹದಿನೈದು ದಿನ ಕಾಯುತ್ತೇನೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಕತ್ತಿಗೆ ಎಣ್ಣೆ ಸವರಿ, ತೇವ ಹಿಡಿಯದಂತೆ ಒರೆಯಿಂದ ಹೊರತೆಗೆದು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ನೀವು ಹೇಳಿದ ದಿನ ಕೊರಿಯರ್‌ನವರ ಕೈಗೆ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ