ಫಾಕ್ಸ್‌ಪ್ರೋ ಕಡತ ಇನ್ನೂ ಬಳಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ್ರೀ. ಫಾಕ್ಸ್‌ಪ್ರೋ ಅಂದರೆ ಪಟ್ಟಿ, ಖಾತೆ ಇಡುವ ಹಳೆಯ ಡೇಟಾಬೇಸ್ ತಂತ್ರಾಂಶ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಪಟ್ಟಿ ಇರಲಿ, ಸೊಸೈಟಿಯ ಸಾಲದ ಖಾತೆ ಇರಲಿ, ಔಷಧ ಅಂಗಡಿಯ ಸ್ಟಾಕ್ ಇರಲಿ, ಹೊಸ ಕಂಪ್ಯೂಟರಿಗೆ ಒಯ್ಯುವಾಗ ಸಾಲು-ಕಾಲಂಗಳ ಮಾಹಿತಿ ಇರುವ ಡಿಬಿಎಫ್ ಕಡತವನ್ನಷ್ಟೇ ಎತ್ತಿಕೊಂಡು ಹೋಗಬೇಡಿ. ಅದೇ ಹೆಸರಿನ ಎಫ್‌ಪಿಟಿ ಕಡತದಲ್ಲಿ ಉದ್ದನೆಯ ಷರಾಗಳಿರುತ್ತವೆ, ಸಿಡಿಎಕ್ಸ್ ಕಡತದಲ್ಲಿ ಸಾಲುಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್. ಸಿಡಿಎಕ್ಸ್ ಕಳೆದರೆ ಮತ್ತೆ ಕಟ್ಟಬಹುದು. ಎಫ್‌ಪಿಟಿ ಹೋದರೆ ಷರಾ ಹೋದಂತೆಯೇ.

ಡಾಸ್‌ನಲ್ಲಿ ನಡೆಯುವ ಫಾಕ್ಸ್‌ಪ್ರೋ 2.6 ಆವೃತ್ತಿ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಏಳುವುದಿಲ್ಲ, ಹಳೆಯ ಡಾಸ್ ತಂತ್ರಾಂಶ ನಡೆಸಿಕೊಡುವ ಡಾಸ್‌ಬಾಕ್ಸ್ ಹಾಕಿಕೊಳ್ಳಿ. ವಿಶುವಲ್ ಫಾಕ್ಸ್‌ಪ್ರೋ 9 ನಡೆಯುತ್ತದೆ, ಆದರೆ ಮೈಕ್ರೋಸಾಫ್ಟ್ ಬೆಂಬಲ 2015ರ ಜನವರಿಗೇ ಮುಗಿದಿದೆ. ಒಂದು ಕಡತ 2 ಜಿಬಿ ಮುಟ್ಟಿದರೆ ಮುಂದೆ ಬೆಳೆಯದು. ಅದಕ್ಕೂ ಮೊದಲೇ ವರ್ಷವಾರು ಒಡೆಯಿರಿ.

ಮುಖ್ಯ ಮಾತು ಇದು: ಡಿಲೀಟ್ ಕೊಟ್ಟ ಸಾಲು ಅಳಿದಿರುವುದಿಲ್ಲ, ಗುರುತು ಮಾತ್ರ ಬಿದ್ದಿರುತ್ತದೆ. ರೀಕಾಲ್ ಕೊಟ್ಟರೆ ವಾಪಸ್ ಬರುತ್ತದೆ. ಪ್ಯಾಕ್ ಅಂದರೆ ಗುರುತು ಬಿದ್ದ ಸಾಲುಗಳನ್ನು ಪೂರ್ತಿ ತೆಗೆದುಹಾಕುವುದು, ಅದು ಮಾಡಿದ ಮೇಲೆ ಬರುವುದಿಲ್ಲ. ಹಾಗಾಗಿ ಪ್ಯಾಕ್‌ಗೆ ಮೊದಲು ಮೂರೂ ಕಡತಗಳ ನಕಲು ತೆಗೆದು, ಉಳಿದ ಕಂಪ್ಯೂಟರುಗಳಲ್ಲಿ ಆ ಕಡತಗಳನ್ನು ಮುಚ್ಚಿಸಿ, ಎಕ್ಸ್‌ಕ್ಲೂಸಿವ್ ಆಗಿ, ಅಂದರೆ ಬೇರೆ ಯಾರೂ ತೆರೆಯಲಾಗದಂತೆ, ತೆರೆಯಿರಿ. ನಡುವೆ ಕರೆಂಟ್ ಹೋದರೆ ಕಡತವೇ ಕೆಡಬಹುದು, ಯುಪಿಎಸ್ ಇಲ್ಲದೆ ಕೈ ಹಚ್ಚಬೇಡ್ರಿ.

ರೈತರ ಹೆಸರು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಕನ್ನಡ ಫಾಂಟ್‌ನಲ್ಲಿದ್ದರೆ ಎಕ್ಸೆಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗೀಚಿನಂತೆ ಕಾಣುತ್ತದೆ. ಮಾಹಿತಿ ಕೆಟ್ಟಿಲ್ಲ, ಅಳಿಸಬೇಡಿ. ಆ ಕಾಲಂಗೆ ನುಡಿ ಫಾಂಟ್ ಕೊಟ್ಟು ಓದಿ ನೋಡಿ, ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿ.