ತ್ರಿತ್ವ ಅಂದರೆ ಮೂರು ದೇವರಲ್ಲ

ಮಾನ್ಯ ಸಂಪಾದಕರೇ,

ಕ್ರೈಸ್ತರ ತ್ರಿತ್ವವನ್ನು, ಅಂದರೆ ಪಿತ, ಸುತ (ಯೇಸು), ಪವಿತ್ರಾತ್ಮ ಮೂವರೂ ಒಬ್ಬರೇ ದೇವರು ಎಂಬ ನಂಬಿಕೆಯನ್ನು, ಭಾಗಮಂಡಲದ ತ್ರಿವೇಣಿ ಸಂಗಮಕ್ಕೆ ಹೋಲಿಸಿದ ಬರಹವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಬರೆದವರ ಮನಸ್ಸು ದೊಡ್ಡದು. ಆದರೆ ಆ ಹೋಲಿಕೆ ಹೊಂದುವುದಿಲ್ಲ.

ಕಾವೇರಿ, ಕನ್ನಿಕೆ, ಸುಜ್ಯೋತಿ ಮೊದಲು ಬೇರೆ ಬೇರೆ. ಕೂಡಿದ ಮೇಲೆ ಯಾವ ನೀರು ಯಾವುದರದ್ದು ಅಂತ ಹೇಳಲಾಗದು. ಪಿತ, ಸುತ, ಪವಿತ್ರಾತ್ಮ ಹಾಗೆ ಬೇರೆ ಇದ್ದು ಆಮೇಲೆ ಸೇರಿದವರಲ್ಲ. ಒಬ್ಬರಲ್ಲೊಬ್ಬರು ಕರಗಿ ಹೋದವರೂ ಅಲ್ಲ. ಮೂವರೂ ಎಂದೆಂದಿಗೂ ಇದ್ದಾರೆ, ದೇವರು ಮಾತ್ರ ಒಬ್ಬರೇ.

ನೀರು, ಮಂಜುಗಡ್ಡೆ, ಹಬೆ ಅಂತ ಇನ್ನೊಂದು ಉದಾಹರಣೆ ಇದೆ. ಭಾನುವಾರದ ಧರ್ಮಪಾಠದಲ್ಲಿ ನಾನೂ ಅದನ್ನೇ ಹೇಳಿಕೊಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಅಂದಹಾಗೆ ಆಗುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಸ್ನಾನದೀಕ್ಷೆಯನ್ನು ನೋಡಿ. ಯೇಸು ಯೊರ್ದಾನ್ ಹೊಳೆಯಿಂದ ಮೇಲೆ ಬರುತ್ತಾರೆ, ಪವಿತ್ರಾತ್ಮ ಪಾರಿವಾಳದಂತೆ ಇಳಿದು ಬರುತ್ತಾರೆ, ಪಿತನ ದನಿ ಆಕಾಶದಿಂದ ಕೇಳುತ್ತದೆ. ಮೂವರೂ ಒಂದೇ ಹೊತ್ತಿನಲ್ಲಿ!

ತ್ರಿತ್ವ ಅನ್ನುವ ಪದ ಬೈಬಲಿನಲ್ಲಿ ಇಲ್ಲ, ನಿಜ. ಆದರೆ ಅದೇ ಸುವಾರ್ತೆಯ ಕೊನೆಯಲ್ಲಿ ಮೂವರ 'ಹೆಸರಿನಲ್ಲಿ' ದೀಕ್ಷೆ ಕೊಡಿ ಎಂದಿದೆ, 'ಹೆಸರುಗಳಲ್ಲಿ' ಅಂತ ಇಲ್ಲ. ಸುತನೂ ಸೃಷ್ಟಿಯಾದವನೇ ಎಂದು ಆರಿಯಸ್ ಅನ್ನುವ ಪಾದ್ರಿ ವಾದಿಸಿದಾಗ, 325ರಲ್ಲಿ ನೈಸಿಯಾದಲ್ಲಿ ಧರ್ಮಾಧ್ಯಕ್ಷರು ಸೇರಿ ಅದನ್ನು ತಳ್ಳಿಹಾಕಿದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆ, ಪಿತ ಮತ್ತು ಸುತರ ಜೊತೆ ಪವಿತ್ರಾತ್ಮರನ್ನೂ ಆರಾಧಿಸಬೇಕು ಎಂದು ಸ್ಪಷ್ಟವಾಗಿ ಹೇಳಿತು.

ಕನ್ನಡದಲ್ಲಿ ಒಂದು ತೊಡಕೂ ಇದೆ. ತ್ರಿತ್ವವನ್ನು 'ಒಬ್ಬ ದೇವರು, ಮೂರು ವ್ಯಕ್ತಿಗಳು' ಎಂದು ಹೇಳುತ್ತೇವೆ. 'ಮೂರು ವ್ಯಕ್ತಿಗಳು' ಅಂದಕೂಡಲೇ ಮೂರು ಜನ ಅಂತಲೇ ಕೇಳಿಸುತ್ತದೆ, ಅಲ್ವಾ? ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರದ್ದು. ಇಷ್ಟು ವರ್ಷ ಜೊತೆಗೇ ಬಾಳಿದರೂ 'ನಿಮಗೆ ಮೂರು ದೇವರಾ?' ಎಂದು ಶಾಲೆಯಲ್ಲಿ ನನ್ನ ಮಗಳನ್ನು ಗೆಳತಿಯರು ಕೇಳಿದ್ದಾರೆ. ಅವಳು ಅಳುತ್ತಾ ಮನೆಗೆ ಬಂದಳು.

ಅವಳಿಗೆ ನಾನು ಹೇಳಿದ್ದು ಇಷ್ಟು. ದೇವರು ಪ್ರೀತಿ ಅನ್ನುತ್ತೇವೆ. ಪ್ರೀತಿಸಲು ಇನ್ನೊಬ್ಬರು ಬೇಕು. ಈ ಲೋಕ ಹುಟ್ಟುವ ಮೊದಲೂ ದೇವರೊಳಗೆ ಆ ಪ್ರೀತಿ ಇತ್ತು. ಪಿತ ಸುತನನ್ನು ಪ್ರೀತಿಸುತ್ತಿದ್ದರು. ದೇವರು ಯಾವತ್ತೂ ಒಂಟಿಯಲ್ಲ.

ಪೂರ್ತಿ ಅರ್ಥವಾಯಿತು ಅಂತ ನಾನು ಹೇಳಲಾರೆ. ಪೆಂತೆಕೋಸ್ತ್ ಹಬ್ಬದ ಮರು ಭಾನುವಾರ ತ್ರಿತ್ವದ ಹಬ್ಬ. ಆ ಬರಹ ಬರೆದವರು ಅಂದು ನಮ್ಮ ಚರ್ಚಿಗೆ ಬರಲಿ. ಪೂಜೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಮಾತಾಡೋಣ.

ಇಂತಿ,
ಧರ್ಮಪಾಠ ಕಲಿಸುವ ಓದುಗಿತಿ, ವಿರಾಜಪೇಟೆ